ಸಾಬರ ಜುಬ್ಬದ ಮೇಲಿನ ಶಾಸನ

ನಾನು ಚರಿತ್ರೆಯ ವಿದ್ಯಾರ್ಥಿಯಾದದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ, ಲೆಕ್ಕದ ಮೇಲಿನ ಭಯದಿಂದ. ಇಂಟರ್‌ಮೀಡಿಯೆಟ್ಟಿನಲ್ಲಿ ಗಣಿತದಲ್ಲಿ ಒಮ್ಮೆ ಮುಳುಗಿ, ಎರಡನೆಯ ಸಲ ಹೇಗೋ ದಡ ಸೇರಿದ ಮೇಲೆ ಇನ್ನು ಅಂಕಿಗಳ ಸಹವಾಸವೇ ಬೇಡವೆಂದು ಮೈಸೂರಿನಲ್ಲಿ ಬಿ.ಎ.ಗೆ ಚರಿತ್ರೆ ತೆಗೆದುಕೊಂಡೆ. ಹೋಗಿ ಕೂತರೆ ಅಲ್ಲಿ ಬರೀ ಇಸವಿಗಳು!

ನಮಗೆ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರು ಮಾತ್ರ ಇಸವಿಗಳನ್ನು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. ಕಚ್ಚೆಪಂಚೆ, ಮಾಸಿದ ಕೋಟು, ಕಿವಿಯ ಮೇಲೆ ಜಾರಿದ ಪೇಟ. ನಡೆಯುತ್ತ ನಡೆಯುತ್ತ ದಾರಿ ಬದಿಯ ಕಲ್ಲು ಕಂಡರೆ ನಿಂತುಬಿಡುವರು. ಜೊತೆಯಲ್ಲಿ ಮಾತಾಡುತ್ತ ಬರುತ್ತಿದ್ದವರು ನಾಲ್ಕು ಹೆಜ್ಜೆ ಮುಂದೆ ಹೋಗಿ, ತಾವು ಒಬ್ಬರೇ ಮಾತಾಡುತ್ತಿರುವುದು ಗೊತ್ತಾಗಿ ಹಿಂದಿರುಗಿ ಬರಬೇಕಾಗುತ್ತಿತ್ತು. ಶನಿವಾರದ ಮಧ್ಯಾಹ್ನ ಇಷ್ಟವಿದ್ದವರಿಗೆ ಹಳಗನ್ನಡದ ಅಕ್ಷರಗಳನ್ನು ಕಲಿಸುತ್ತಿದ್ದರು. ಇಷ್ಟವಿದ್ದವರೆಂದರೆ ನಾನೊಬ್ಬ. ಅದೂ ಅವರ ಮನೆಯಲ್ಲಿ ಪಾಠವಾದ ಮೇಲೆ ಕೋಡುಬಳೆ ಕೊಡುತ್ತಿದ್ದರೆಂಬ ಕಾರಣಕ್ಕೆ. ಆದರೆ ನಾಲ್ಕೈದು ತಿಂಗಳಲ್ಲಿ ಏನೋ ಆಯಿತು. ಕೋಡುಬಳೆ ತಟ್ಟೆಯಲ್ಲೇ ಉಳಿಯತೊಡಗಿತು. ಸಾವಿರ ವರ್ಷದ ಹಿಂದೆ ಯಾರೋ ಉಳಿಯಿಂದ ಕೆತ್ತಿದ 'ಕ' ನನ್ನ ಸ್ಲೇಟಿನ 'ಕ'ಕ್ಕೆ ಮುತ್ತಜ್ಜನ ಹಾಗೆ ಕಾಣತೊಡಗಿತು.

ಬೇಸಿಗೆಯ ರಜಕ್ಕೆ ಮೊದಲು ಮೇಷ್ಟ್ರು ಎಲ್ಲೋ ನೆಲ ಅಗೆಸಲು ಹೋಗುತ್ತಾರೆಂಬ ಸುದ್ದಿ ಬಂತು. ನಾನು ಧೈರ್ಯ ಮಾಡಿ ಕೇಳಿದೆ.

"ಸಾರ್, ನನ್ನನ್ನೂ ಕರ್ಕೊಂಡು ಹೋಗಿ."

"ಗುದ್ದಲಿ ಹಿಡಿಯೋರು ನನಗೆ ಬೇಕಾದಷ್ಟು ಜನ ಸಿಗ್ತಾರಪ್ಪ" ಎಂದರು. "ನೀನು ಊರಿಗೆ ಹೋಗ್ತೀಯಲ್ಲ, ಇದುವರೆಗೆ ಯಾರೂ ಓದದೇ ಇರೋ ಒಂದು ಶಾಸನ ಹುಡುಕು. ಅದರ ಪಡಿಯಚ್ಚು ತಗೊಂಡು ಬಾ. ಆಮೇಲೆ ನೋಡೋಣ."

ಹಾಗೆಂದು ನಾಲ್ಕು ದೊಡ್ಡ ಹಾಳೆ, ಒಂದು ಗಡುಸು ಬ್ರಷ್ಷು, ಒಂದು ಡಬ್ಬಿ ಮಸಿ ಕೊಟ್ಟರು. ಕೆಲಸ ಕೇಳುವುದಕ್ಕೆ ಸುಲಭ. ಕಲ್ಲನ್ನು ತೊಳೆಯುವುದು, ಒದ್ದೆ ಹಾಳೆಯನ್ನು ಅದರ ಮೇಲೆ ಹಾಸುವುದು, ಬ್ರಷ್ಷಿನಿಂದ ತಟ್ಟಿ ತಟ್ಟಿ ಹಾಳೆ ಅಕ್ಷರದ ಗುಂಡಿಯೊಳಕ್ಕೆ ಇಳಿಯುವಂತೆ ಮಾಡುವುದು, ಆಮೇಲೆ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ಮೇಲೆ ಒತ್ತುವುದು. ಹಾಳೆಯೆಲ್ಲ ಕಪ್ಪಾಗಿ, ಗುಂಡಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ.

ನಮ್ಮ ಮನೆ ಮಳವಳ್ಳಿಯಲ್ಲಿ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಗ ಲಾಯರಾಗುತ್ತಾನೆಂದು ಅವರು ಊರಿಗೆಲ್ಲ ಹೇಳಿಕೊಂಡಿದ್ದರು. ನಾನು ಹಾಳೆ, ಮಸಿ ಬಿಚ್ಚಿ ವಿಷಯ ಹೇಳಿದಾಗ, "ಕಲ್ಲು ಓದೋದಕ್ಕೆ ಕಾಲೇಜಿಗೆ ಹೋಗಬೇಕೇನೋ? ಕುರಿ ಮೇಯಿಸೋರು ಮಾಡೋ ಕೆಲಸ" ಎಂದು ಕಚೇರಿಗೆ ಹೊರಟರು.

ಅಭ್ಯಾಸಕ್ಕೆಂದು ನಾನು ಮೊದಲು ಕೂತದ್ದು ಅಮ್ಮನ ರುಬ್ಬುವ ಕಲ್ಲಿನ ಮುಂದೆ. ಆಗತಾನೇ ಕಲ್ಲುಕುಟಿಗ ಬಂದು ಉಳಿಯಿಂದ ಹಲ್ಲು ಮಾಡಿಕೊಟ್ಟು ಹೋಗಿದ್ದ. ಚುಕ್ಕಿ ಚುಕ್ಕಿ ಗುಂಡಿ. ಹಾಳೆ ಹಾಸಿದೆ, ತಟ್ಟಿದೆ, ಮಸಿ ಒತ್ತಿದೆ. ಹಾಳೆ ಹರಿಯಿತು. ಮಸಿ ಕಲ್ಲಿಗೆ ಹತ್ತಿತು. ತೊಳೆದೆ. ತೊಳೆದೆನೆಂದೇ ತಿಳಿದಿದ್ದೆ. ಮರುದಿನ ಬೆಳಿಗ್ಗೆ ಇಡ್ಲಿ ಬೂದಿ ಬಣ್ಣಕ್ಕೆ ಬಂದಿತ್ತು. ಅಪ್ಪ ಎರಡು ಇಡ್ಲಿ ತಿಂದು ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ರಾಗಿ ಇಡ್ಲಿನಾ?"

"ಅಕ್ಕಿದೇ" ಎಂದಳು ಅಮ್ಮ. "ನಿಮ್ಮ ಮಗ ಸ್ವಲ್ಪ ಚರಿತ್ರೆ ಬೆರೆಸಿದಾನೆ."

ಆವತ್ತಿನಿಂದ ನನ್ನ ವಿದ್ಯಾಭ್ಯಾಸ ಮನೆಯ ಹೊರಗೆ ನಡೆಯಬೇಕೆಂದು ತೀರ್ಮಾನವಾಯಿತು. ಹಾಳೆ ಮೂರು ಉಳಿದವು.

ಮಳವಳ್ಳಿಯ ಪೇಟೆಬೀದಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಸಾಬರು ನನಗೆ ಚಿಕ್ಕಂದಿನಿಂದ ಪರಿಚಯ. ದೊಡ್ಡ ಆಳು. ಮೊಳಕಾಲು ಮುಟ್ಟುವ ಬಿಳಿ ಜುಬ್ಬ, ಅದರ ಮೇಲೆ ಎಂಥ ಬಿಸಿಲಿನಲ್ಲೂ ಗುಂಡಿ ಹಾಕಿದ ಕರೀ ಕೋಟು. ಸೈಕಲ್ಲು, ಗ್ಯಾಸ್‌ಲೈಟು, ಗ್ರಾಮಫೋನು ಯಾವುದು ಕೆಟ್ಟರೂ ಸುತ್ತಲ ಹಳ್ಳಿಯವರು ಅವರನ್ನೇ ಕರೆಸುತ್ತಿದ್ದರು. ಬಾಡಿಗೆ ಸೈಕಲ್ಲು ಕೇಳಲು ಹೋದವನು ಹೀಗೆ ಅಕ್ಷರದ ಕಲ್ಲು ಹುಡುಕಬೇಕು ಎಂದೆ.

"ಅರೆ, ಅಕ್ಷರದ ಕಲ್ಲಾ?" ಎಂದು ಪಂಪು ಕೆಳಗಿಟ್ಟರು. "ನನ್ನ ಸೈಕಲ್ಲಿಗೆ ಎಲ್ಲೆಲ್ಲಿ ಪಂಚರ್ ಆಗಿದೆಯೋ ಅಲ್ಲೆಲ್ಲ ಕೂತು ಕೂತು ಈ ಸೀಮೆಯ ಕಲ್ಲೆಲ್ಲ ನಂಗೆ ಗೊತ್ತು. ಮದ್ದೂರು ದಾರೀಲಿ ಒಂದು ಹಳ್ಳಿ ಇದೆ. ಅಲ್ಲಿ ಒಂದು ಮುದುಕಮ್ಮನ ಕೊಟ್ಟಿಗೆ ಬಾಗಿಲಲ್ಲಿ ಒಂದು ಹಾಸುಗಲ್ಲು. ತುಂಬ ಅಕ್ಷರ. ಯಾವತ್ತೂ ಯಾರೂ ಓದಿಲ್ಲ."

"ಓದಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಅದರ ಮೇಲೆ ಎಮ್ಮೆ ಮಲಗಿರುತ್ತಲ್ಲ!"

ಸಾಬರು ತಾವೂ ಬರುತ್ತೇನೆಂದು ಹೊರಟರು. ಅಂಗಡಿ ಮುಚ್ಚಿದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಹೀಗೆ ಕಾರಣ ಸಿಕ್ಕಿದರೆ ಅಂಗಡಿ ಮುಚ್ಚುವುದು ಅವರಿಗೆ ಇಷ್ಟವೆಂದು ಆಮೇಲೆ ಅವರ ಮನೆಯವರು ಹೇಳಿದರು.

ಶಿವನಸಮುದ್ರದ ಕರೆಂಟಿನ ಮನೆಯಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಹಿಂದಿನ ವರ್ಷ ತಮ್ಮ ಹಳೆಯ ದೊರೆ ಟೋಪಿ ನನಗೆ ಕೊಟ್ಟಿದ್ದರು. ಬಿಸಿಲಿಗೆಂದು ಅದನ್ನು ಹಾಕಿಕೊಂಡು ಹೊರಟದ್ದು ನನ್ನ ತಪ್ಪು. ಅದು ಜಿಲ್ಲೆಯಲ್ಲೆಲ್ಲ ನಾಲೆ ತೋಡುತ್ತಿದ್ದ ಕಾಲ. ಟೋಪಿ ಹಾಕಿದವನು ಊರಿಗೆ ಬಂದ ಎಂದರೆ ನಾಲೆ ಯಾರ ಹೊಲದ ಮೇಲೆ ಹಾದುಹೋಗುತ್ತದೆಂದು ಗುರುತು ಮಾಡಲು ಬಂದ ಎಂದೇ ಅರ್ಥ. ನಾವು ಆ ಹಳ್ಳಿಯ ಅರಳಿಕಟ್ಟೆಯ ಬಳಿ ಸೈಕಲ್ ಇಳಿಯುವಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು. ಪಟೇಲರೇ ಎಳನೀರು ಕೆತ್ತಿಸಿ ತಂದರು.

"ಬುದ್ದಿ, ನಾಲೆ ನಮ್ಮೂರ್ ಮೇಲೇ ಓಯ್ತದಾ?"

"ನಾನು ನಾಲೆಯವನಲ್ಲ" ಎಂದೆ. "ಕಲ್ಲು ನೋಡೋಕೆ ಬಂದಿದೀನಿ."

"ಊಂ" ಎಂದು ಪಟೇಲರು ಸುತ್ತಲಿದ್ದವರ ಕಡೆ ತಿರುಗಿದರು. "ಕೇಳುದ್ರೇನ್ಲಾ? ಕಲ್ ಎಲ್ಲಿ ನೆಡಬೇಕು ಅಂತ ನೋಡಾಕ್ ಬಂದವ್ರೆ."

ನಾನು ಎಷ್ಟು ಹೇಳಿದರೂ ಅದು ದೊಡ್ಡ ಅಧಿಕಾರಿಗಳ ವಿನಯವೆಂದೇ ಅವರು ತಿಳಿದರು. ಒಬ್ಬ ರಸಬಾಳೆಯ ಚಿಪ್ಪು ತಂದು ನಾಲೆ ತನ್ನ ಹೊಲದ ಪಕ್ಕಕ್ಕೇ ಬರಲಿ ಎಂದ. ಇನ್ನೊಬ್ಬ ಅಚ್ಚುಬೆಲ್ಲ ತಂದು ತನ್ನ ತೋಟಕ್ಕೆ ಮಾತ್ರ ಬರದಿರಲಿ ಎಂದ. ಸಾಬರು ಇಬ್ಬರಿಗೂ "ಆಗಲಿ, ನೋಡೋಣ" ಎಂದು ಎರಡನ್ನೂ ಸೈಕಲ್ಲಿನ ಹಿಂದೆ ಕಟ್ಟಿಕೊಂಡರು.

ಎಮ್ಮೆಯ ಕಲ್ಲಿದ್ದ ಮನೆಯೊಡತಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಗಂಡ ತೀರಿಕೊಂಡಿದ್ದ, ಅರವತ್ತು ದಾಟಿದ, ಎತ್ತರದ ಹೆಂಗಸು. ಅವಳ ಮನೆಗೂ ಅವಳ ಮೈದುನನ ಮನೆಗೂ ನಡುವೆ ಒಂದೇ ಮೋಟುಗೋಡೆ. ಕೆರೆಯ ಕೆಳಗಿನ ಒಂದು ಗದ್ದೆ ಯಾರಿಗೆ ಸೇರಬೇಕೆಂದು ಜಗಳವಾಗಿ ಇಪ್ಪತ್ತು ವರ್ಷದಿಂದ ಇಬ್ಬರೂ ಮಾತು ಬಿಟ್ಟಿದ್ದರು. ಆದರೆ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಬದುಕುವವರು ಮಾತಿಲ್ಲದೆ ಹೇಗಿದ್ದಾರು? ಅದಕ್ಕೆ ಇಬ್ಬರೂ ದೊಡ್ಡವ್ವನ ಎಮ್ಮೆಯೊಡನೆ ಮಾತಾಡುತ್ತಿದ್ದರು.

ನಾವು ಹೋದಾಗಲೂ ಅದೇ ನಡೆದಿತ್ತು. ದೊಡ್ಡವ್ವ ಎಮ್ಮೆಗೆ ಹುಲ್ಲು ಹಾಕುತ್ತ, "ಕೇಳುಸ್ಕೊಳ್ಳೇ ಎಮ್ಮೆ, ಯಾರೋ ನಮ್ಮ ಸೀಗೆ ಬೇಲಿ ಕಿತ್ತವ್ರೆ. ಅವ್ರ ಕೈ ಸೇದೋಗ" ಎಂದಳು. ಗೋಡೆಯಾಚೆಯಿಂದ ಮೈದುನನ ದನಿ ಬಂತು: "ಲೇ ಎಮ್ಮೆ, ಬೇಲಿನ ನೀನೇ ತಿಂದೆ ಅಂತ ನಿಮ್ಮಮ್ಮಂಗೆ ಏಳೇ." ಎಮ್ಮೆ ಮೆಲುಕು ಹಾಕುತ್ತಿತ್ತು.

ಸಾಬರು ವಿಷಯ ತಿಳಿಸಿದರು. ದೊಡ್ಡವ್ವ ನನ್ನ ಟೋಪಿ ನೋಡಿದಳು.

"ನೀವು ನಾಲೆ ಸಾಯೇಬ್ರು ಅಲ್ವಾ ಬುದ್ದಿ?"

"ಅಲ್ಲಮ್ಮ. ನಾನು ಓದೋ ಹುಡುಗ."

"ಹಂಗಾ" ಎಂದಳು. ಕ್ಷಣದಲ್ಲಿ 'ಬುದ್ದಿ' ಹೋಯಿತು. "ಲೇ ಮಗ, ಮೊದ್ಲೇ ಏಳಬಾರ್ದಾ? ಸುಮ್ನೆ ಸೆರಗು ಒದ್ಕೊಂಡು ನಿಂತಿದ್ದೆ. ಕಲ್ಲ ಓದಕ್ಕೆ ಬತ್ತದಾ ನಿಂಗೆ?"

"ಸ್ವಲ್ಪ ಬರುತ್ತೆ."

"ಹಂಗಾರೆ ಓದು. ನಮ್ಮ ಮಾವ ಆ ಕಲ್ಲ ಬೀದಿಯಿಂದ ತಂದು ಇಲ್ಲಿ ಆಕ್ಸಿದ್ದು. ಕೆರೆ ಕೆಳಗಿನ ಗದ್ದೆ ಯಾರ್ದು ಅಂತ ಅದ್ರಲ್ಲಿ ಬರ್ದದೆ ಅಂತಿದ್ರು. ಗಟ್ಟಿಯಾಗಿ ಓದು, ಗ್ವಾಡೆ ಆಚ್ಗೂ ಕೇಳ್ಬೇಕು."

ಎಮ್ಮೆಯನ್ನು ಎಬ್ಬಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕಲ್ಲು ತೊಳೆಯುವುದಕ್ಕೆ ಇನ್ನೊಂದು ಗಂಟೆ. ಅಷ್ಟರಲ್ಲಿ ಊರು ಪೂರ್ತಿ ಕೊಟ್ಟಿಗೆಯ ಮುಂದೆ ಕೂತಿತ್ತು. ನಾನು ಹಾಳೆ ನೆನೆಸಿ ಹಾಸಿದೆ. ಬಿಸಿಲಿಗೆ ಒಣಗಿ ಅಂಚು ಎದ್ದು ನಿಂತಿತು. ಸಾಬರು, "ಗಾಳಿಪಟಕ್ಕೆ ಹಚ್ಚೋ ಹಾಗೆ ಸ್ವಲ್ಪ ಗಂಜಿ ಹಚ್ಚಿದರೆ ಕಚ್ಚಿಕೊಳ್ಳುತ್ತೆ" ಎಂದರು. ದೊಡ್ಡವ್ವ ಅನ್ನದ ಗಂಜಿ ತಂದುಕೊಟ್ಟಳು. ಹಾಳೆ ಅಂದವಾಗಿ ಕಚ್ಚಿಕೊಂಡಿತು. ನಾನು ತಟ್ಟಿ ತಟ್ಟಿ ಅಕ್ಷರಗಳು ಮೂಡತೊಡಗಿದಾಗ ಹೆಮ್ಮೆಯಿಂದ ಮಸಿಯ ಡಬ್ಬಿ ತರಲು ಎದ್ದೆ. ಹಿಂದಿರುಗಿ ನೋಡಿದರೆ ಎಮ್ಮೆ ಹಗ್ಗವಿದ್ದಷ್ಟೂ ಉದ್ದಕ್ಕೆ ಕತ್ತು ಚಾಚಿ ಹಾಳೆಯ ಕೊನೆಯ ತುಂಡನ್ನು ಒಳಗೆಳೆದುಕೊಳ್ಳುತ್ತಿತ್ತು. ಗಂಜಿಯ ರುಚಿ ಅದಕ್ಕೆ ಹಿಡಿಸಿತ್ತು.

"ಪರವಾಗಿಲ್ಲ" ಎಂದರು ಸಾಬರು. "ಊರಲ್ಲಿ ಮೊದಲು ಓದಿದ್ದು ಎಮ್ಮೆ."

ಎರಡನೆಯ ಹಾಳೆಯನ್ನು ಗಂಜಿಯಿಲ್ಲದೆ ಹಾಸಿ, ಸಾಬರನ್ನೇ ಎಮ್ಮೆಗೂ ಕಲ್ಲಿಗೂ ನಡುವೆ ನಿಲ್ಲಿಸಿದೆ. ಈ ಸಲ ಅಚ್ಚು ಬಂತು. ಕಪ್ಪು ನೆಲದಲ್ಲಿ ಬೆಳ್ಳನೆಯ ಅಕ್ಷರಗಳು. ಜನ ಹತ್ತಿರ ಸರಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಸ್ವಸ್ತಿ, ಶ್ರೀ, ಆಮೇಲೆ ಯಾವನೋ ನಾಯಕನ ಹೊಗಳಿಕೆ ಆರು ಸಾಲು.

"ಆ ನಾಯ್ಕ ಯಾರು?" ಎಂದರು ಪಟೇಲರು.

"ಹಳೇ ಕಾಲದವನು. ಎಂಟುನೂರು ವರ್ಷವಾದರೂ ಆಗಿರಬೇಕು."

"ಅವ್ನ ಬುಡು. ಗದ್ದೆ ಸುದ್ದಿ ಓದು" ಎಂದಳು ದೊಡ್ಡವ್ವ.

ಕೊನೆಯ ಸಾಲಿನಲ್ಲಿ ಅದೂ ಇತ್ತು. ಕೆರೆಯ ಕೆಳಗಣ ಗದ್ದೆಯನ್ನು... ಅಷ್ಟೇ. ಕಲ್ಲು ಅಲ್ಲಿಗೇ ಮುರಿದಿತ್ತು.

"ಗದ್ದೆಯನ್ನು?" ಎಂದಿತು ಇಡೀ ಊರು.

"ಕಲ್ಲು ಮುರಿದಿದೆ. ಉಳಿದದ್ದು ಇಲ್ಲ."

ಆಗ ಗೋಡೆಯಾಚೆಯಿಂದ ದನಿ ಬಂತು: "ಲೇ ಎಮ್ಮೆ, ಉಳಿದರ್ಧ ನಮ್ಮ ಬಚ್ಚಲಲ್ಲಿ ಅದೆ ಅಂತ ಆ ಹುಡುಗುಂಗೆ ಏಳೇ. ಗದ್ದೆ ಯಾರ್ದು ಅಂತ ಅದ್ರಲ್ಲಿ ಬರ್ದಿರ್ತದೆ."

ಊರು ಎದ್ದು ಗೋಡೆ ಸುತ್ತಿ ಆಚೆ ಮನೆಗೆ ನಡೆಯಿತು. ದೊಡ್ಡವ್ವ ಹೊಸಿಲವರೆಗೆ ಬಂದು, ಒಳಗೆ ಕಾಲಿಡದೆ, ಕತ್ತು ಮಾತ್ರ ಒಳಕ್ಕೆ ಚಾಚಿ ನಿಂತಳು. ಮೈದುನ ಕುಳ್ಳಗಿನ, ಮಾತಿಗೊಮ್ಮೆ ಮೀಸೆ ಒರೆಸಿಕೊಳ್ಳುವ ಮನುಷ್ಯ. ಬಚ್ಚಲಲ್ಲಿ ಅವನು ದಿನಾ ನಿಂತು ಮೀಯುವ ಕಲ್ಲೇ ಶಾಸನದ ಕೆಳಗಿನರ್ಧ. ಎಣ್ಣೆ, ಸೀಗೆಪುಡಿ, ಜಿಡ್ಡು ತುಂಬಿ ಅಕ್ಷರ ಹೂತುಹೋಗಿದ್ದವು. ತೆಂಗಿನ ನಾರಿನಿಂದ ಉಜ್ಜಿ, ಬಿಸಿನೀರು ಹುಯ್ದು, ಕೊನೆಯ ಹಾಳೆ ಹಾಸಿ ಅಚ್ಚು ತೆಗೆದೆ. ಅದು ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಹಾಳೆ ಕೈಯಲ್ಲಿ ಹಿಡಿದು ಜಗಲಿಗೆ ಬಂದು ಓದಿದೆ.

ಕೆರೆಯ ಕೆಳಗಣ ಗದ್ದೆಯನ್ನು ಆ ನಾಯಕ ದೇವರ ನಂದಾದೀಪಕ್ಕೆ ಬಿಟ್ಟಿದ್ದ.

"ದೀಪಕ್ಕೆ ಗದ್ದೆಯಾ?" ಎಂದ ಮೈದುನ.

"ಹೂಂ. ಗದ್ದೆಯ ಫಸಲಿನಿಂದ ಗುಡಿಯ ದೀಪ ಯಾವತ್ತೂ ಆರದ ಹಾಗೆ ನೋಡಿಕೊಳ್ಳಬೇಕು ಅಂತ."

"ಯಾವ ಗುಡಿ?" ಎಂದರು ಪಟೇಲರು. ಊರಿನಲ್ಲಿ ಅಂಥ ಗುಡಿಯೇ ಇರಲಿಲ್ಲ. ಗದ್ದೆಯ ಮೂಲೆಯಲ್ಲಿ ಹುಣಸೆಮರದ ಕೆಳಗೆ ಒಂದು ದಿಬ್ಬವಿತ್ತು, ಅಷ್ಟೆ.

ನಾನು ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ಆದರೆ ಮೇಷ್ಟ್ರು ಇಂಥ ಶಾಸನಗಳ ಕೊನೆಯಲ್ಲಿ ಬರುವ ಶಾಪವನ್ನು ನನಗೆ ಬಾಯಿಪಾಠ ಮಾಡಿಸಿದ್ದರು. ಇಡೀ ಕಲ್ಲಿನಲ್ಲಿ ನಾನು ತಡವರಿಸದೆ ಓದಬಲ್ಲ ಭಾಗವೆಂದರೆ ಅದೊಂದೇ. ಉತ್ಸಾಹದಿಂದ ಓದಿ ಅರ್ಥವನ್ನೂ ಹೇಳಿದೆ. ಈ ದಾನವನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ.

ಮೈದುನ ಬಚ್ಚಲ ಕಡೆ ನೋಡಿದ. "ನಾನು ದಿನಾ ಅದ್ರ ಮ್ಯಾಲೆ ನಿಂತ್ಕಂಡು ನೀರ್ ಉಯ್ಕತಿದ್ದೆ" ಎಂದ. ದನಿ ಇಳಿದಿತ್ತು.

ದೊಡ್ಡವ್ವ ಹೊಸಿಲಿನಲ್ಲೇ ನಗತೊಡಗಿದಳು. "ಉಳ! ಅರವತ್ತು ಸಾವ್ರ ವರ್ಸ ಉಳ!" ಆಮೇಲೆ ಗದ್ದೆಯ ಅರ್ಧವನ್ನು ಉಳುತ್ತಿರುವವಳು ತಾನೇ ಎಂಬುದು ನೆನಪಾಯಿತೆಂದು ಕಾಣುತ್ತದೆ. ನಗು ಅರ್ಧಕ್ಕೇ ನಿಂತಿತು.

"ಅಂಗಾರೆ ಗದ್ದೆ ದೇವ್ರುದ್ದು" ಎಂದರು ಪಟೇಲರು ಗಂಭೀರವಾಗಿ. "ಸರ್ಕಾರದವ್ರಿಗೆ ಗೊತ್ತಾದ್ರೆ ಮುಜರಾಯಿಗೆ ಸೇರುಸ್ಕತಾರೆ."

ಆಗ ನಡೆದದ್ದನ್ನು ನಾನು ಈಗಲೂ ಕಣ್ಣಮುಂದೆ ಕಾಣಬಲ್ಲೆ. ದೊಡ್ಡವ್ವ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಹೊಸಿಲು ದಾಟಿದಳು. ಮೈದುನ ಎಮ್ಮೆಗಾಗಿ ಅತ್ತಿತ್ತ ನೋಡಿದ. ಎಮ್ಮೆ ಆ ಮನೆಯಲ್ಲಿತ್ತು. ಬೇರೆ ದಾರಿಯಿಲ್ಲದೆ ನೇರವಾಗಿ ಅವಳ ಮುಖ ನೋಡಿ, "ಏನ್ ಮಾಡದು ಅತ್ಗೆ?" ಎಂದ.

"ಏನ್ ಮಾಡದು ಅಂದ್ರೆ?" ಎಂದಳು ದೊಡ್ಡವ್ವ. "ಈ ಕಲ್ಲಲ್ಲಿ ಏನೂ ಬರ್ದಿಲ್ಲ. ಉಳಿ ಗೀರು. ಹುಡುಗುಂಗೆ ಓದಕ್ ಬರಾಕಿಲ್ಲ. ಏನಂದೀರಿ?"

ಊರೆಲ್ಲ ಹೌದೆಂದಿತು. ನನಗೆ ಓದಲು ಬರುವುದಿಲ್ಲವೆಂಬುದಕ್ಕೆ ಅಷ್ಟು ಬೇಗ ಅಷ್ಟು ಜನ ಒಪ್ಪಿದ್ದು ನನ್ನ ಪರೀಕ್ಷಕರನ್ನು ಬಿಟ್ಟರೆ ಅವರೇ. ನಾಲ್ಕು ಜನ ಸೇರಿ ಬಚ್ಚಲ ಕಲ್ಲನ್ನು ಅಕ್ಷರ ಕೆಳಗಾಗುವಂತೆ ಮಗುಚಿ ಹಾಕಿದರು. ಆಚೆ ಹೋಗಿ ಕೊಟ್ಟಿಗೆಯ ಕಲ್ಲನ್ನೂ ಮಗುಚಿದರು. ಒಣಗಲು ಹಾಕಿದ್ದ ಮೊದಲ ಅಚ್ಚನ್ನು ದೊಡ್ಡವ್ವ ಮಡಿಸಿ ಒಲೆಗೆ ತುರುಕಿದಳು. "ಇನ್ನೊಂದೆಲ್ಲಿ?" ಎಂದಳು.

ನಾನು ಸುತ್ತ ನೋಡಿದೆ. ಜಗಲಿಯ ಮೇಲೆ ಇಟ್ಟಿದ್ದ ಹಾಳೆ ಇರಲಿಲ್ಲ. ಸಾಬರು ತಮ್ಮ ಕೋಟಿನ ಕೊನೆಯ ಗುಂಡಿ ಹಾಕಿಕೊಳ್ಳುತ್ತ ಆಕಾಶ ನೋಡುತ್ತಿದ್ದರು.

"ಎಮ್ಮೆ ತಿಂತೇನೋ" ಎಂದರು. ಎಮ್ಮೆಯ ಬಗ್ಗೆ ಆ ಊರಿನವರು ಏನನ್ನು ಬೇಕಾದರೂ ನಂಬುತ್ತಿದ್ದರು.

ದೊಡ್ಡವ್ವ ನಮ್ಮನ್ನು ಹಾಗೇ ಬಿಡಲಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿ ಬಡಿಸಿದಳು. ಅಲ್ಲಿ ಉಂಡದ್ದನ್ನು ನಾನು ನಮ್ಮ ಮಡಿಯ ಮನೆಯಲ್ಲಿ ಹೇಳಲಿಲ್ಲ. ಅಷ್ಟು ರುಚಿಯಾದ ಸಾರನ್ನು ಮುಂದೆಂದೂ ಉಣ್ಣಲೂ ಇಲ್ಲ. ಕೈತೊಳೆಯಲು ನೀರು ಹಾಕುತ್ತ, "ಮಗ, ಬಾಯಿ ಬುಟ್ಟೀಯ, ಜೋಕೆ. ನಮ್ಮ ಅನ್ನ ತಿಂದಿದ್ದೀಯ ಕಣಪ್ಪ" ಎಂದಳು. ನಾನು ತಲೆಯಾಡಿಸಿದೆ. ಆದರೆ ನನ್ನ ಕಣ್ಣು ಸಾಬರ ಕೋಟಿನ ಮೇಲಿತ್ತು. ನಾಚಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

ಊರು ದಾಟಿ ಎರಡು ಮೈಲಿ ಬಂದ ಮೇಲೆ ಒಂದು ಹೊಂಗೆಮರದ ಕೆಳಗೆ ಇಳಿದೆವು. ಸಾಬರು ಕೋಟು ಬಿಚ್ಚಿದರು. ಹಾಳೆ ಎಂಬುದು ಉಳಿದಿರಲಿಲ್ಲ. ಬಿಸಿಲಿಗೆ, ಬೆವರಿಗೆ ಮೆತ್ತಗಾಗಿ ಚೂರು ಚೂರಾಗಿ ಉದುರಿತು. ನಾನು ಅಲ್ಲೇ ಕುಸಿದು ಕೂತೆ. ಸಾಬರು ಪಾಪ, "ತೌಬಾ, ತೌಬಾ" ಎನ್ನುತ್ತ ಚೂರುಗಳನ್ನು ಆಯತೊಡಗಿದರು. ಅವರು ಬಗ್ಗಿ ಏಳುವಾಗ ನನಗೆ ಅವರ ಎದೆ ಕಾಣಿಸಿತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಬಿಳಿ ಜುಬ್ಬ ಕಪ್ಪಾಗಿತ್ತು. ಆ ಕಪ್ಪಿನಲ್ಲಿ ಸಾಲುಸಾಲಾಗಿ ಬಿಳಿ ಅಕ್ಷರಗಳಿದ್ದವು. ಎಲ್ಲ ಹಿಂದುಮುಂದಾಗಿ, ಕನ್ನಡಿಯಲ್ಲಿ ಕಂಡಹಾಗೆ. ಆದರೆ ಒಂದೂ ಅಳಿಸಿರಲಿಲ್ಲ.

"ಅಲ್ಲಾಡಬೇಡಿ!" ಎಂದು ಕೂಗಿದೆ.

"ಹಾವಾ?" ಎಂದು ಸಾಬರು ಕಲ್ಲಾದರು.

ಮಳವಳ್ಳಿಯವರೆಗೆ ಅವರು ಎದೆಯುಬ್ಬಿಸಿಕೊಂಡು, ಜುಬ್ಬ ಮಡಿಕೆ ಬೀಳದ ಹಾಗೆ ಸೈಕಲ್ ತುಳಿದರು. ಎದುರಿಗೆ ಬಂದ ಗಾಡಿಯವರು ಎತ್ತು ನಿಲ್ಲಿಸಿ ನೋಡಿದರು. ಮನೆಯಲ್ಲಿ ಜುಬ್ಬ ಬಿಚ್ಚಿಟ್ಟು ಕೈಕಾಲು ತೊಳೆಯಲು ಹೋದಾಗ ಅವರ ಮನೆಯವರು ಅದನ್ನು ನೋಡಿ ಹೌಹಾರಿ ಬಕೀಟಿಗೆ ಹಾಕುವುದರಲ್ಲಿದ್ದರಂತೆ. ಸಾಬರು ಓಡಿಬಂದು ಕಸಿದುಕೊಳ್ಳುವಷ್ಟರಲ್ಲಿ ಕೊನೆಯ ಸಾಲು ನೀರು ಕುಡಿದಿತ್ತು. ಅದು ಶಾಪದ ಸಾಲು, ನನಗೆ ಬಾಯಿಗೆ ಬರುತ್ತಿತ್ತು. ಹೋದರೂ ಚಿಂತೆಯಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಮದ್ದೂರಿಗೆ ಬಂದು ಮೈಸೂರಿನ ರೈಲು ಹತ್ತಿದೆ. ಮಡಿಸಿದರೆ ಮಸಿ ಉದುರುತ್ತದೆಂದು ಜುಬ್ಬವನ್ನು ಹಾಗೇ ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆ. ಹನಕೆರೆಯಲ್ಲಿ ಒಬ್ಬಾಕೆ ಅಳುವ ಕೂಸನ್ನು ಎತ್ತಿಕೊಂಡು ಹತ್ತಿ ಎದುರಿಗೆ ಕೂತಳು. ಜುಬ್ಬವನ್ನೇ ನೋಡಿ ನೋಡಿ, "ಸ್ವಾಮಿ, ಇದು ಯಂತ್ರದ ಬಟ್ಟೆಯಾ? ದಿಷ್ಟಿಗೆ ಆಯ್ತದಾ?" ಎಂದಳು. ಅಲ್ಲವೆಂದು ನಾನು ಹೇಳುವಷ್ಟರಲ್ಲಿ ತೋಳಿನ ತುದಿಯನ್ನು ಹಿಡಿದು ಮೂರು ಸಲ ಕೂಸಿಗೆ ನಿವಾಳಿಸಿದಳು. ಕೂಸು ಅಳು ನಿಲ್ಲಿಸಿತು. ಮಂಡ್ಯ ಬರುವಷ್ಟರಲ್ಲಿ ಡಬ್ಬಿಯಲ್ಲಿದ್ದ ಇನ್ನೂ ಮೂವರಿಗೆ ನಿವಾಳಿಸಬೇಕಾಯಿತು. ಅದರಲ್ಲಿ ಒಬ್ಬ ಸಕ್ಕರೆ ಕಾರ್ಖಾನೆಯ ಫಿಟ್ಟರ್, ಹಲ್ಲುನೋವಿಗೆ.

ಮೇಷ್ಟ್ರು ಬಾಗಿಲು ತೆಗೆದಾಗ ನಾನು ಜುಬ್ಬವನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡರು. ಕನ್ನಡಿಯ ಮುಂದೆ ಹಿಡಿದರೆ ಬಟ್ಟೆ ಜೋತುಬಿದ್ದು ಅಕ್ಷರ ಕೂಡಿಕೊಳ್ಳುತ್ತಿದ್ದವು. ಕೊನೆಗೆ ನಾನೇ ಅದನ್ನು ತೊಟ್ಟುಕೊಳ್ಳಬೇಕಾಯಿತು. ಸಾಬರ ಅಳತೆಯ ಜುಬ್ಬದಲ್ಲಿ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಮೇಷ್ಟ್ರ ಹೆಂಡತಿ ಬೆನ್ನಿನ ಕಡೆ ಬಟ್ಟೆ ಸೇರಿಸಿ ಪಿನ್ನು ಚುಚ್ಚಿದರು. ನಾನು ದೊಡ್ಡ ಕನ್ನಡಿಯ ಮುಂದೆ ನಿಂತೆ. ಮೇಷ್ಟ್ರು ನನ್ನ ಭುಜದ ಹಿಂದಿನಿಂದ ಕನ್ನಡಿ ನೋಡುತ್ತ ಓದತೊಡಗಿದರು.

"ಉಸಿರು ಬಿಡಬೇಡ, ಮೂರನೇ ಸಾಲು ಅಲುಗುತ್ತೆ... ಹೂಂ, ಈಗ ಬಿಡು... ಮತ್ತೆ ಹಿಡಿ."

ಹೊಟ್ಟೆಯ ಹತ್ತಿರ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಶಾಸನ ಪೂರ್ತಿ ಕುಣಿಯಿತು.

ಓದಿ ಮುಗಿಸಿ ಮೇಷ್ಟ್ರು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಪುಟ ತಿರುವಿದರು. ನಾನು ಹುಟ್ಟುವುದಕ್ಕೆ ಮೊದಲೇ ಅಚ್ಚಾದ ಶಾಸನಗಳ ಪುಸ್ತಕ. ಆ ಹಳ್ಳಿಯ ಹೆಸರು ಅದರಲ್ಲಿತ್ತು. ನಾಯಕನ ಹೊಗಳಿಕೆ ಇತ್ತು. ಗದ್ದೆಯನ್ನು ಎಂಬಲ್ಲಿಗೆ ನಿಂತು, ಕೆಳಗಿನ ಭಾಗ ಸಿಕ್ಕಿಲ್ಲ ಎಂದು ಬರೆದಿತ್ತು. ಕಲ್ಲು ಬೀದಿಯಲ್ಲಿದ್ದಾಗಲೇ ಯಾರೋ ಬಂದು ಓದಿಕೊಂಡು ಹೋಗಿದ್ದರು. ಇದನ್ನು ಹುಡುಕಲು ಹೊರಡುವ ಮೊದಲು ನಾನು ಈ ಪುಸ್ತಕ ತೆರೆದು ನೋಡಬೇಕಾಗಿತ್ತು.

"ಅರ್ಧ ಹಳೇದು, ಅರ್ಧ ಹೊಸದು" ಎಂದರು ಮೇಷ್ಟ್ರು. "ಅದರಲ್ಲೂ ಹೊಸದು ಬಟ್ಟೆ ಮೇಲಿದೆ. ನೀನು ಅಗೆತಕ್ಕೆ ಬಾ. ಹೊರಗೆ ಬಿಟ್ಟರೆ ಇನ್ನೇನು ಮಾಡ್ತೀಯೋ."

ನಾನು ದೊಡ್ಡವ್ವನ ವಿಷಯ, ಗದ್ದೆ ಹೋದೀತೆಂಬ ಹೆದರಿಕೆ, ನಾನು ತಿಂದ ಅನ್ನ ಎಲ್ಲ ಹೇಳಿಕೊಂಡೆ. ಎಂಟುನೂರು ವರ್ಷದ ಹಿಂದಿನ ದೀಪಕ್ಕೆಂದು ಈಗ ಯಾರೂ ಗದ್ದೆ ಕೇಳಲು ಹೋಗುವುದಿಲ್ಲ, ಹೋಗಿ ಆಕೆಗೆ ಧೈರ್ಯ ಹೇಳಿ, ಒಪ್ಪಿಗೆ ಕೇಳಿ, ಸರಿಯಾದ ಅಚ್ಚು ತಗೊಂಡು ಬಾ ಎಂದರು. ಹೊಸ ಹಾಳೆ ಕೊಟ್ಟರು.

ಮತ್ತೆ ಹೋದೆವು. ಸಾಬರು ಹಳೆಯ ಜುಬ್ಬದಲ್ಲಿ, ನಾನು ಟೋಪಿಯಿಲ್ಲದೆ. ದೊಡ್ಡವ್ವನ ಜಗಲಿಯಲ್ಲಿ ಅತ್ತಿಗೆ ಮೈದುನ ಇಬ್ಬರೂ ಕೂತು ಎಲೆಅಡಿಕೆ ಹಾಕುತ್ತಿದ್ದರು. ಕಲ್ಲಿನ ಸುದ್ದಿ ನಲವತ್ತು ವರ್ಷದಿಂದ ಪುಸ್ತಕದಲ್ಲೇ ಇದೆ, ಯಾರೂ ಬಂದಿಲ್ಲ, ಬರುವುದೂ ಇಲ್ಲ ಎಂದೆ. ನೆಮ್ಮದಿಯಾಗುತ್ತದೆಂದುಕೊಂಡಿದ್ದೆ. ದೊಡ್ಡವ್ವನ ಮುಖ ಕೆಂಪಾಯಿತು.

"ಅಷ್ಟ್ ವರ್ಸದಿಂದ ಗೊತ್ತಿತ್ತಾ? ಗೊತ್ತಿದ್ದ ಮ್ಯಾಲೆ ಒಬ್ರೂ ಬಂದು ಏನವ್ವ ಅಂತ ಕೇಳ್ನಿಲ್ವಾ? ನಮ್ಮ ಗದ್ದೆ ಅಂದ್ರೆ ಅಷ್ಟು ಸದರಾನಾ?"

"ನಮ್ಮ ಗದ್ದೆ ಅನ್ನಿ ಅತ್ಗೆ, ಸರಿ" ಎಂದ ಮೈದುನ. "ಆದ್ರೆ ಅಂಗೆ ನೋಡುದ್ರೆ ಅದು ನಂದು."

"ಏನಂದೆ?"

ಮುಂದಿನದು ಊರಿಗೆಲ್ಲ ಕೇಳಿಸಿತು. ಮೈದುನ ಎಲೆಯ ತಟ್ಟೆ ಬಿಟ್ಟು ಎದ್ದುಹೋದ. ಅಚ್ಚು ತೆಗೆದುಕೊಳ್ಳಲು ಮಾತ್ರ ಇಬ್ಬರೂ ಒಪ್ಪಿದರು. ನಾವು ಕಲ್ಲು ಮಗುಚಿ ಅಚ್ಚು ತೆಗೆಯುತ್ತಿದ್ದಷ್ಟು ಹೊತ್ತೂ ಗೋಡೆಯ ಎರಡು ಕಡೆಯಿಂದ ಎಮ್ಮೆಗೆ ಬುದ್ಧಿವಾದ ನಡೆದೇ ಇತ್ತು. ಆದರೆ ಎರಡೂ ಅಚ್ಚು ಚೆನ್ನಾಗಿ ಬಂದವು. ಹೊರಡುವಾಗ ಕಲ್ಲನ್ನು ಅಕ್ಷರ ಮೇಲಾಗಿ ಗೋಡೆಗೆ ಒರಗಿಸಿ ನಿಲ್ಲಿಸಿ ಎಂದು ಕೇಳಿಕೊಂಡೆ. ದೊಡ್ಡವ್ವ ಒಪ್ಪಿದಳು. ಮೈದುನನೂ ತನ್ನ ಅರ್ಧವನ್ನು ಗೋಡೆಯ ಆ ಮಗ್ಗುಲಿಗೆ ನಿಲ್ಲಿಸಿದ, ಅವಳದಕ್ಕಿಂತ ಒಂದು ಗೇಣು ಎತ್ತರದಲ್ಲಿ.

ಅದಾಗಿ ವಾರದೊಳಗೆ ನಾನು ಮೇಷ್ಟ್ರ ಜೊತೆ ಅಗೆತದ ಜಾಗದಲ್ಲಿದ್ದೆ. ಮೊದಲ ದಿನ ನನ್ನನ್ನು ಒಂದು ಗುಂಡಿಗೆ ಇಳಿಸಿ ಕೈಗೆ ಸಣ್ಣ ಕರಣೆ ಕೊಟ್ಟರು. ಒಂದು ಗಂಟೆಯಲ್ಲೇ ನಯವಾದ, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆಯ ಚೂರು ಸಿಕ್ಕಿತು, ಎರಡು ಸಾವಿರ ವರ್ಷ ಹಳೆಯದೆಂದು ಮೇಷ್ಟ್ರು ಪಾಠದಲ್ಲಿ ಹೇಳಿದ್ದಂಥದೇ. ಕೂಗಿ ಎಲ್ಲರನ್ನೂ ಕರೆದೆ. ಮೇಷ್ಟ್ರು ಓಡಿ ಬಂದರು, ಕೂಲಿಯವರು ಬಂದರು. ಹಿಂದೆಯೇ ಅಡಿಗೆಯವರೂ ಬಂದು ಬಗ್ಗಿ ನೋಡಿ, "ಅಯ್ಯೋ, ಇದು ನಿನ್ನೆ ನನ್ನ ಕೈಜಾರಿ ಒಡೆದು ಈ ಗುಂಡಿಗೆ ಎಸೆದ ಮಜ್ಜಿಗೆ ಮಡಕೆ" ಎಂದರು. ಮೇಷ್ಟ್ರು ಆ ಚೂರನ್ನು ತಿರುಗಿಸಿ ಮೂಸಿ ನೋಡಿದರು. ಹೌದೆಂದು ತಲೆಯಾಡಿಸಿದರು. ಆದರೂ ತೊಳೆದು, ಒಣಗಿಸಿ, ಎಲ್ಲಿ ಎಷ್ಟು ಆಳದಲ್ಲಿ ಸಿಕ್ಕಿತೆಂದು ಚೀಟಿ ಬರೆದು ಕಟ್ಟು ಎಂದರು, ಅಭ್ಯಾಸಕ್ಕೆ. ನಾನು ಬಿಸಿಲಲ್ಲಿ ಕೂತು ಆ ಚೂರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ, ಬಹಳ ಹೊತ್ತು ತೊಳೆದೆ.